ಬೀಜ ಉದುರಿದ ಮೇಲೆ

ನವೆಂಬರ್ ೪

ಹುಳುವೇ,

ನೀನು ಹೋಗಿ ಒಂದು ತಿಂಗಳಾಯಿತು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಹೇಗಿದೆ, ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲ ಪುಸ್ತಕವನ್ನೇ ತಿನ್ನುತ್ತೀಯೋ ಎಂದೆಲ್ಲ ಕೇಳಬೇಕೆಂದೇ ಕಾಗದ ತೆಗೆದುಕೊಂಡೆ. ಆದರೆ ಬೇರೆ ವಿಷಯ ಮೊದಲು ಹೇಳದಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಹ್ಞೂಂ ಅನ್ನುವುದು ಬಿಟ್ಟು ಏನೂ ಹೇಳುವುದಿಲ್ಲ. ಕಾಗದದಲ್ಲಾದರೆ ನಿನಗೆ ಬಾಯಿ ಬರುತ್ತದೆ.

ಎದುರು ಬೀದಿಯ ದರ್ಜಿಗೆ ಹುಷಾರಿಲ್ಲ. ಪ್ರತಿವರ್ಷದಂತೆ ಹೊಟ್ಟೆಯುರಿಗೆಂದು ನಮ್ಮ ತಂಪುಬೇರಿನ ಪುಡಿ ತೆಗೆದುಕೊಂಡು ಹೋಗಿದ್ದ. 'ಪಕ್ಕದಲ್ಲಿ ರೆಡಿಮೇಡ್ ಅಂಗಡಿ ಬಂದಮೇಲೆ ಉರಿ ಜಾಸ್ತಿಯಾಗಿದೆ ಅಕ್ಕಾ, ಒಂದು ಚಮಚ ಹೆಚ್ಚೇ ಕೊಡಿ' ಎಂದು ನಗಿಸಿದ್ದ. ಐದನೆಯ ದಿನಕ್ಕೆ ವಾಂತಿ, ಕಣ್ಣು ಮಂಜು, ಕೈಕಾಲು ನಡುಕ. ಮೂರು ದಿನ ಆಸ್ಪತ್ರೆಯಲ್ಲಿದ್ದ. ಈಗ ಮನೆಗೆ ಬಂದಿದ್ದಾನೆ, ಜೀವಕ್ಕೇನೂ ಭಯವಿಲ್ಲ. ಬಲಗೈ ನಡುಕ ಮಾತ್ರ ನಿಂತಿಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ.

ಜಾಡಿಯಲ್ಲಿ ಉಳಿದಿದ್ದ ಬೇರಿನ ಬಿಲ್ಲೆಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸುರಿದೆ. ತಂಪುಬೇರು, ಅದರಂತೆಯೇ ಕಾಣುವ ವಿಷದ ಮಲತಂಗಿ, ಎರಡೂ ಒಣಗಿದ ಮೇಲೆ ಒಂದೇ ಬಣ್ಣ, ಒಂದೇ ಗೆರೆ, ವಾಸನೆಯೂ ಉಳಿಯುವುದಿಲ್ಲ ಎಂದು ನಿನಗೆ ಗೊತ್ತು. ನೆನೆದದ್ದು ಮತ್ತೆ ಮದ್ದಿಗೆ ಬರುವುದಿಲ್ಲ, ಆದರೂ ಒಂದೊಂದು ಬಿಲ್ಲೆಯನ್ನು ಒಂದೊಂದು ಲೋಟದ ಬಿಸಿನೀರಿಗೆ ಹಾಕುತ್ತಾ ಹೋದೆ. ಲೋಟ ಮುಗಿದು ಬಟ್ಟಲಿಗೆ ಬಂದೆ, ಬಟ್ಟಲು ಮುಗಿದು ಮತ್ತೆ ಲೋಟ ತೊಳೆದೆ. ಎರಡು ದಿನ ಹಿಡಿಯಿತು. ಹನ್ನೊಂದು ಕಡೆ ನೀರು ಕಪ್ಪಾಯಿತು. ಹನ್ನೊಂದೂ ಮಲತಂಗಿಯವು.

ನಾವು ಬೇರು ಮುರಿದ ದಿನ ಎರಡು ಬುಟ್ಟಿ ಇದ್ದವು, ನನ್ನದೊಂದು ನಿನ್ನದೊಂದು. ಎರಡೂ ಒಂದೇ ಜಾಡಿಗೆ ಬಿದ್ದವು. ಹಸಿಬೇರು ಮುರಿದು ಮೂಸುವಾಗ ನಿನ್ನ ಬುಟ್ಟಿಯಲ್ಲಿ ಸಂಶಯದ್ದು ಏನಾದರೂ ಇತ್ತೇ? ನೆನಪು ಮಾಡಿಕೊಂಡು ಬರಿ. ಬೈಯುವುದಕ್ಕಲ್ಲ. ತಪ್ಪು ಎಲ್ಲಿ ಆಯಿತೆಂದು ತಿಳಿಯದೆ ಇನ್ನೊಬ್ಬರಿಗೆ ಚಿಟಿಕೆ ಪುಡಿ ಕೂಡ ಕೊಡಲಾರೆ.

ಉತ್ತರಕ್ಕೆ ಕಾಯುವ,
ದೊಡ್ಡಮ್ಮ


ನವೆಂಬರ್ ೧೨

ದೊಡ್ಡಮ್ಮಾ,

ದರ್ಜಿ ಮಾಮನ ವಿಷಯ ಓದಿದೆ. ಈಗ ಹೇಗಿದ್ದಾರೆ?

ನನ್ನ ಕೋಣೆ ಅಚ್ಚುಕೂಟದ ಮೇಲೆಯೇ. ಯಂತ್ರ ಓಡುವಾಗ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತದೆ. ಕೆಲಸ ಕಷ್ಟವಿಲ್ಲ. ಒಬ್ಬರು ಮೂಲವನ್ನು ಜೋರಾಗಿ ಓದುತ್ತಾರೆ, ನಾನು ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯಬೇಕು. ಯಜಮಾನರು ಮೊನ್ನೆ, 'ಈ ಹುಡುಗಿ ಮಾತಾಡೋದಿಲ್ಲ, ಆದರೆ ಇವಳ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಹೋಗಲ್ಲ' ಎಂದರು. ಕಿಟಕಿಯಿಂದ ಬೇಲಿಯೊಂದು ಕಾಣುತ್ತದೆ, ಅದರಲ್ಲಿ ನಿನ್ನ ಕೆಮ್ಮಿನ ಸೊಪ್ಪು ತಾನಾಗಿಯೇ ಬೆಳೆದಿದೆ. ಯಾರಿಗೂ ಗೊತ್ತಿಲ್ಲ.

ನೀನು ಕೇಳಿದ್ದಕ್ಕೆ: ನನ್ನ ಬುಟ್ಟಿಯಲ್ಲಿ ಸಂಶಯದ್ದು ಏನೂ ಇರಲಿಲ್ಲ. ನಾಲ್ಕು ಮಲತಂಗಿ ಸಿಕ್ಕಿದ್ದವು, ತೆಗೆದು ಆಚೆ ಇಟ್ಟಿದ್ದೆ. ನೀನೂ ನೋಡಿದ್ದೆ.

ಇಲ್ಲಿ ಬೆಳಿಗ್ಗೆ ಚಳಿ ಶುರುವಾಗಿದೆ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ,
ಹುಳು


ಡಿಸೆಂಬರ್ ೩

ಹುಳುವೇ,

ನಿನ್ನ ಕಾಗದ ಬಂತು. ಹಾಗಾದರೆ ಆ ಹನ್ನೊಂದೂ ನನ್ನ ಬುಟ್ಟಿಯವು.

ಇಷ್ಟು ದಿನ ಇದನ್ನೇ ಯೋಚಿಸುತ್ತಿದ್ದೆ. ಅರವತ್ತೇಳು ತುಂಬಿತು. ಕಣ್ಣಿಗೆ ಕನ್ನಡಕ ಬಂತು, ಮಂಡಿಗೆ ಪಟ್ಟಿ ಬಂತು, ಮೂಗು ಮಾತ್ರ ಇದ್ದ ಹಾಗೇ ಇರುತ್ತದೆಂದು ಯಾವ ಧೈರ್ಯದಲ್ಲಿ ನಂಬಿದ್ದೆನೋ. ಮೊನ್ನೆ ಒಲೆಯ ಮೇಲೆ ಹಾಲು ಸೀದು ಹೋಯಿತು. ಪಕ್ಕದ ಮನೆಯವಳು ಬಂದು ಹೇಳಬೇಕಾಯಿತು. ಮೊದಲಾಗಿದ್ದರೆ ಏನೋ ಯೋಚನೆಯಲ್ಲಿದ್ದೆ ಅನ್ನುತ್ತಿದ್ದೆ. ಈಗ ಹಾಗೆ ಅನ್ನಲು ಬಾಯಿ ಬರಲಿಲ್ಲ.

ಮದ್ದಿನ ಕೋಣೆಗೆ ಬೀಗ ಹಾಕಿದೆ. ಜಾಡಿಗಳಲ್ಲಿ ಇದ್ದದ್ದನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಸುರಿದು ಮುಚ್ಚಿದೆ. ಬಂದವರಿಗೆಲ್ಲ ನನ್ನ ಮೂಗು ಹೋಗಿದೆ, ಡಾಕ್ಟರ ಹತ್ತಿರ ಹೋಗಿ ಎಂದು ಹೇಳಿ ಕಳಿಸುತ್ತಿದ್ದೇನೆ. ಶಾಲೆಯ ಮೇಷ್ಟ್ರು ಬಾಗಿಲಲ್ಲೇ ನಿಂತು, ಮೂವತ್ತೆಂಟು ವರ್ಷದಲ್ಲಿ ಒಂದು ಸಲ ತಪ್ಪಿದ್ದಕ್ಕೆ ಹೀಗೆ ಮಾಡುವುದೇ ಎಂದು ವಾದಕ್ಕೆ ಬಂದರು. ಆ ಒಂದು ಸಲವನ್ನು ಎದುರು ಬೀದಿಗೆ ಹೋಗಿ ನೋಡಿಕೊಂಡು ಬನ್ನಿ ಎಂದೆ.

ದರ್ಜಿಯ ಅಂಗಡಿಗೆ ದಿನಾ ಹೋಗಿ ಬರುತ್ತೇನೆ. ಅವನ ಕೈಗೆ ಆಗದ ಸಣ್ಣಪುಟ್ಟದ್ದು ಏನಾದರೂ ಇದ್ದೇ ಇರುತ್ತದೆ.

ನೀನು ಚೆನ್ನಾಗಿ ಕಲಿತುಕೊಂಡು ಹೋದೆ, ಅದೊಂದೇ ನನಗೆ ಸಮಾಧಾನ. ನನ್ನಿಂದ ಹೋದದ್ದು ನಿನ್ನಲ್ಲಿ ಉಳಿದಿದೆ.

ದೊಡ್ಡಮ್ಮ


ಡಿಸೆಂಬರ್ ೨೧

ದೊಡ್ಡಮ್ಮಾ,

ಕೋಣೆ ಮುಚ್ಚಬೇಡ. ಹಾಲು ಎಲ್ಲರ ಮನೆಯಲ್ಲೂ ಸೀಯುತ್ತದೆ. ಇಲ್ಲಿ ಅಡುಗೆಯ ಹೆಂಗಸು ವಾರಕ್ಕೆ ಎರಡು ಸಲ ಸೀಯಿಸುತ್ತಾಳೆ, ಅವಳಿಗಿನ್ನೂ ಮೂವತ್ತು ತುಂಬಿಲ್ಲ. ದರ್ಜಿ ಮಾಮ ಬೇರೆ ಏನಾದರೂ ತಿಂದಿರಬಹುದು, ಆ ಹನ್ನೊಂದು ಬಿಲ್ಲೆಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ಮೂಗಿನ ಡಾಕ್ಟರಿಗೆ ಒಮ್ಮೆ ತೋರಿಸಬಾರದೇ? ನನಗೆ ನಿನ್ನ ಮೂಗಿನ ಮೇಲೆ ಪೂರ್ತಿ ನಂಬಿಕೆ ಇದೆ.

ಈ ವಾರ ಒಂದು ಪುಸ್ತಕದಲ್ಲಿ ನನ್ನ ಕಣ್ಣು ತಪ್ಪಿ ಎರಡು ಸಾಲು ಹಿಂದುಮುಂದಾಗಿ ಅಚ್ಚಾಯಿತು. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇನ್ನೂ ಏನೋ ಬರೆಯಬೇಕೆಂದಿದ್ದೆ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು.

ಹುಳು


ಜನವರಿ ೨೪

ಹುಳುವೇ,

ಒಂದು ವಿಷಯಕ್ಕೆ ನಿನ್ನ ಅಭಿಪ್ರಾಯ ಬೇಕು.

ಬೇರು ನಾರು ಸಗಟಾಗಿ ಕೊಳ್ಳುವ ವ್ಯಾಪಾರಿ ಬಂದಿದ್ದ. ನಾನು ಕೆಲಸ ಬಿಟ್ಟ ಸುದ್ದಿ ಅವನ ಕಿವಿಗೂ ಬಿದ್ದಿದೆ. ಮನೆಯ ಹಿಂದಿನ ದಿಬ್ಬವನ್ನು ತನಗೆ ಬಿಟ್ಟುಕೊಡಿ ಎನ್ನುತ್ತಾನೆ. ಹೂವಿರುವಾಗಲೇ ಅಗೆಯುತ್ತಾನಂತೆ. ತಂಪುಬೇರಿಗೆ ಹಳದಿ ಹೂವು, ಮಲತಂಗಿಗೆ ಬಿಳಿ. ದೂರದಿಂದ ನೋಡಿದರೇ ತಿಳಿಯುತ್ತದೆ, ಮೂಗು ಬೇಡ, ಮುರಿಯುವುದು ಬೇಡ. 'ನೀವು ಬೀಜ ಉದುರೋ ತನಕ ಕಾಯ್ತೀರಿ. ಆಗ ಮೇಲೆ ಒಣಕಡ್ಡಿ ಬಿಟ್ಟು ಏನಿರುತ್ತೆ? ತಾಯಿ ಯಾವುದು ಮಲತಾಯಿ ಯಾವುದು ಅಂತ ಕತ್ತಲಲ್ಲಿ ಹುಡುಕಿದ ಹಾಗೆ. ಅದಕ್ಕೇ ನೋಡಿ ಹೀಗಾಗಿದ್ದು' ಎಂದ.

ಬೀಜ ಉದುರುವ ಮೊದಲು ಅಗೆದರೆ ಮೂರೇ ವರ್ಷದಲ್ಲಿ ದಿಬ್ಬ ಬೋಳು ಎಂದು ಹೇಳಬಹುದಿತ್ತು. ಹತ್ತು ಗಿಡಕ್ಕೆ ಮೂರೇ ತೆಗೆಯಬೇಕು, ಮೇಲಿನ ಸಾಲಿನವನ್ನು ಮುಟ್ಟಬಾರದು, ಅವುಗಳ ಬೀಜ ಇಳಿಜಾರಿನಲ್ಲಿ ಉರುಳಿ ಬರಬೇಕು, ಅಗೆದ ಬೇರಿನ ನೆತ್ತಿ ಕತ್ತರಿಸಿ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚಬೇಕು, ಇದನ್ನೆಲ್ಲ ನಿನಗೆ ಹೇಳಿಕೊಟ್ಟ ಹಾಗೆ ಅವನಿಗೂ ಹೇಳಬಹುದಿತ್ತು. ಹೇಳುವ ಹಕ್ಕು ನನಗೇನಿದೆ? ಗಿಡ ಉಳಿಸಿದೆ, ಮನುಷ್ಯನ ಕೈ ಕಳೆದೆ.

ಮಾರ್ಚ್ ಮುಗಿಯುವುದರೊಳಗೆ ಮಾತು ಕೊಡಬೇಕು. ಜೂನ್‌ನಲ್ಲಿ ಹೂವು ಬಂದ ಕೂಡಲೇ ಆಳು ಕಳಿಸುತ್ತಾನೆ. ಕೊಟ್ಟುಬಿಡೋಣ ಅನ್ನಿಸುತ್ತಿದೆ. ಇನ್ನು ಅದನ್ನು ನೋಡುತ್ತ ಕೂರಲು ನನಗೆ ಮನಸ್ಸಿಲ್ಲ.

ಬೀದಿಯ ಮಕ್ಕಳು ಈಗ ಏನಾದರೂ ತಂದು ನನ್ನ ಮೂಗಿನ ಮುಂದೆ ಹಿಡಿದು 'ಅಜ್ಜೀ ಇದೇನು ಹೇಳಿ' ಅನ್ನುತ್ತವೆ. ನಾನೂ ಬೇಕೆಂದೇ ತಪ್ಪು ಹೇಳಿ ನಗಿಸುತ್ತೇನೆ. ನಿನ್ನೆ ಒಂದು ಮಗು ಸಾಬೂನು ಹಿಡಿದಿತ್ತು. ಅದಕ್ಕೂ ತಪ್ಪು ಹೇಳಿದೆ, ಅದು ಬೇಕೆಂದು ಹೇಳಿದ್ದಲ್ಲ.

ದೊಡ್ಡಮ್ಮ


ಮಾರ್ಚ್ ೮

ದೊಡ್ಡಮ್ಮಾ,

ಈ ಕಾಗದವನ್ನು ಫೆಬ್ರವರಿಯಲ್ಲಿ ಮೂರು ಸಲ ಬರೆದೆ. ಮೂರು ಸಲವೂ ಚೆನ್ನಾಗಿ ಬರೆದಿದ್ದೇನೆ ಅನ್ನಿಸಿ ಹರಿದುಹಾಕಿದೆ. ಈ ಸಲ ಊಟದ ಬಿಡುವಿನಲ್ಲಿ, ತಿದ್ದದೆ ಬರೆಯುತ್ತಿದ್ದೇನೆ.

ಹನ್ನೊಂದೂ ನನ್ನವು.

ಬೇರು ಮುರಿದ ದಿನ ನನಗೆ ನೆಗಡಿ. ಅದಕ್ಕೆ ಮೂರು ದಿನ ಮೊದಲೇ ಶುರುವಾಗಿತ್ತು. ಮೂಗು ಪೂರ್ತಿ ಕಟ್ಟಿತ್ತು, ಏನೂ ತಿಳಿಯುತ್ತಿರಲಿಲ್ಲ. ಶೀತ ಆದವರು ಬುಟ್ಟಿ ಮುಟ್ಟಬಾರದೆಂದು ನಾನು ಬಂದ ಮೊದಲ ವಾರವೇ ನೀನು ಹೇಳಿದ್ದೆ. ಹಿಂದಿನ ವರ್ಷ ನಿನಗೇ ಶೀತವಾದಾಗ, ಅಗೆದ ಬೇರನ್ನೆಲ್ಲ ಹಾಗೇ ಮಣ್ಣಿಗೆ ಹಾಕಿ ವಾರ ಕಾದಿದ್ದೆ. ಎಲ್ಲ ಗೊತ್ತಿತ್ತು ನನಗೆ.

ಆದರೆ ಆ ದಿನ ಮೋಡ ಕಟ್ಟಿತ್ತು. ಬೇರುಗಳನ್ನೆಲ್ಲ ಅಗೆದಾಗಿತ್ತು. ನಿನಗೆ ಸೊಂಟ ಹಿಡಿದಿತ್ತು. ಇವೆಲ್ಲ ನೆಪ. ನಿಜವಾದ ಕಾರಣ ಬುಟ್ಟಿ. ಎರಡು ವರ್ಷ ನಿನ್ನ ಪಕ್ಕದಲ್ಲಿ ಕೂತು ನೀನು ಮುರಿದು ಮೂಸಿದ್ದನ್ನೇ ಮತ್ತೆ ಮೂಸುತ್ತಿದ್ದೆ. ಆ ದಿನ ನೀನು ಒಂದು ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, 'ಇದು ನಿಂದು, ನಾನು ನೋಡಲ್ಲ' ಎಂದೆ. ಆಗ ನೆಗಡಿ ಎಂದು ಹೇಳಲು ಬಾಯಿ ಬರಲಿಲ್ಲ. ನನಗೆ ಯಾವತ್ತೂ ಬಾಯಿ ಬರುವುದಿಲ್ಲ, ಆದರೆ ಅವತ್ತಿನದು ನಾಚಿಕೆಯಲ್ಲ. ಆಸೆ.

ಪ್ರತಿಯೊಂದು ಬೇರನ್ನೂ ಮುರಿದೆ. ಮೂಗಿನ ಹತ್ತಿರ ತಂದೆ. ನಿನ್ನ ಹಾಗೆಯೇ ಕಣ್ಣು ಮುಚ್ಚಿದೆ. ತಲೆಯಾಡಿಸಿದೆ. ಹಸಿ ಸೌತೆಕಾಯಿಯ ವಾಸನೆ ಬಂದರೆ ಒಳಗೆ, ಒದ್ದೆ ಸೀಮೆಸುಣ್ಣದ ವಾಸನೆ ಬಂದರೆ ಹೊರಗೆ. ನನಗೆ ಎರಡೂ ಬರಲಿಲ್ಲ. ಒಂದನ್ನೂ ಆಚೆ ಇಡದಿದ್ದರೆ ನಿನಗೆ ಸಂಶಯ ಬರುತ್ತದೆಂದು, ಕೈಗೆ ಸಿಕ್ಕ ನಾಲ್ಕನ್ನು ಎತ್ತಿ ಪಕ್ಕಕ್ಕಿಟ್ಟೆ. ಸಂಜೆ ನೀನು ನನ್ನ ಅಮ್ಮನಿಗೆ ಫೋನು ಮಾಡಿ, ನಾಲ್ಕು ಹಿಡಿದಳು ಎಂದು ಹೇಳಿದೆ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಖುಷಿಯಾಯಿತು. ಅದನ್ನೂ ಬರೆಯಬೇಕು, ನಿಜವಾಗಿಯೂ ಖುಷಿಯಾಯಿತು.

ನವೆಂಬರಿನಲ್ಲಿ ನೀನು ಕೇಳಿದಾಗ ಒಂದೇ ಸಾಲಿನಲ್ಲಿ ಇಲ್ಲ ಎಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆಮೇಲೆ ನೀನು ನಿನ್ನ ಮೂಗನ್ನೇ ಕಳೆದುಕೊಂಡೆ. 'ನನ್ನಿಂದ ಹೋದದ್ದು ನಿನ್ನಲ್ಲಿ ಉಳಿದಿದೆ' ಎಂದು ಬರೆದೆ. ಆ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೇನೆ, ಆದರೂ ಪೆಟ್ಟಿಗೆ ತೆಗೆಯಲು ಆಗುತ್ತಿಲ್ಲ. ಇದೇ ಎರಡು ಅಂಗಿಯಲ್ಲಿ ಚಳಿಗಾಲ ಕಳೆದೆ.

ನಿನ್ನ ಮೂಗಿಗೆ ಏನೂ ಆಗಿಲ್ಲ. ದಿಬ್ಬ ಕೊಡಬೇಡ. ನನ್ನ ಮುಖ ನೋಡದಿದ್ದರೂ ಸರಿ, ದಿಬ್ಬ ಮಾತ್ರ ಕೊಡಬೇಡ.

ಹೇಗೆ ಸಹಿ ಹಾಕಬೇಕೋ ತಿಳಿಯುತ್ತಿಲ್ಲ.


ಮಾರ್ಚ್ ೨೯

ವ್ಯಾಪಾರಿಗೆ ಇಲ್ಲ ಎಂದು ಹೇಳಿ ಕಳಿಸಿದೆ. ಅದು ತಿಳಿಯಬೇಕಾದದ್ದು, ಅದಕ್ಕೇ ಮೊದಲು ಬರೆದೆ.

ನಿನ್ನ ಕಾಗದ ಬಂದು ಎರಡು ವಾರವಾಯಿತು. ನೆಗಡಿಗೆ ಕೋಪವಿಲ್ಲ. ಬುಟ್ಟಿಯ ಆಸೆಗೂ ಇಲ್ಲ, ಆ ವಯಸ್ಸಿನಲ್ಲಿ ನನಗೂ ಇತ್ತು. ನವೆಂಬರಿನ ಆ ಒಂದು ಸಾಲಿಗೆ ಕೋಪ. ಕಾಗದದಲ್ಲಾದರೆ ನಿನಗೆ ಬಾಯಿ ಬರುತ್ತದೆ ಎಂದು ನಂಬಿ ಕೇಳಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನೀನು ಒಂದು ಸೀನಿಗೆ ಕಳೆದೆ.

ಮೂಗಿಗೆ ಏನೂ ಆಗಿಲ್ಲ ಎಂದು ಎಷ್ಟು ಸುಲಭವಾಗಿ ಬರೆದಿದ್ದೀಯ. ಇವತ್ತು ಬೆಳಿಗ್ಗೆ ಸೌತೆಕಾಯಿ ಹೆಚ್ಚಿ ಮೂಸಿದೆ. ವಾಸನೆ ಬಂತೋ, ಬರಲಿ ಎಂದುಕೊಂಡದ್ದಕ್ಕೆ ಬಂದ ಹಾಗಾಯಿತೋ, ಹೇಳಲಾರೆ. ನಾಲ್ಕು ತಿಂಗಳು ಇಲ್ಲ ಎಂದು ನಂಬಿದ್ದು ಒಂದು ಕಾಗದದಿಂದ ಹಿಂದಕ್ಕೆ ಬರುವುದಿಲ್ಲ.

ದರ್ಜಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನ ಕೆಲಸ.

ದೊಡ್ಡಮ್ಮ


ಏಪ್ರಿಲ್ ೨೦

ಮಗೂ,

ನಿನ್ನ ಕಾಗದ ತಲುಪಿತು. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈದುಕೊಳ್ಳಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮೊದಲಿಗಿಂತ ವಾಸಿ. ಕತ್ತರಿ ಹಿಡಿಯುತ್ತದೆ, ಯಂತ್ರ ತುಳಿಯಲು ಹೇಗೂ ಕಾಲು ಸಾಕು. ಸಣ್ಣ ಕೆಲಸ ಮಾತ್ರ ಆಗುತ್ತಿಲ್ಲ. ವಯಸ್ಸಿನದೂ ಸ್ವಲ್ಪ ಪಾಲು ಇರಬಹುದು ಎಂದು ಡಾಕ್ಟರು ಹೇಳಿದರು. ನಿನಗೆ ಸಮಾಧಾನವಾಗಲಿ ಎಂದು ಇದನ್ನು ಬರೆಯುತ್ತಿಲ್ಲ, ಅವರು ಹೇಳಿದ್ದು ಹೀಗೆ.

ಓದಿದ ದಿನ ನನಗೆ ಸಿಟ್ಟು ಬಂತು. ಕಾಗದ ಮಡಚಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಇಟ್ಟೆ. ನನ್ನ ಹೆಂಡತಿ ಯಾರ ಕಾಗದ ಎಂದಳು. ಗಿರಾಕಿಯದು, ಅಳತೆ ತಪ್ಪಾಗಿದೆಯಂತೆ ಎಂದೆ. ಆಮೇಲೆ ನಗು ಬಂತು. ಒಮ್ಮೆ ಒಬ್ಬರ ಕೋಟಿನ ತೋಳು ಗಿಡ್ಡವಾದಾಗ ಬಟ್ಟೆ ಕುಗ್ಗಿದೆ ಎಂದು ವಾದಿಸಿ ಗೆದ್ದವನು ನಾನು. ಅವರು ನಂಬಿಕೊಂಡು ಗಿಡ್ಡ ತೋಳಿನಲ್ಲೇ ಓಡಾಡುತ್ತಿದ್ದರು, ನಾನು ಎದುರಿಗೆ ಸಿಕ್ಕರೆ ಸಂದಿಗೆ ನುಗ್ಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ನೀನೂ ನಾನೂ. ಆದರೆ ಕೋಟು ಹೊಟ್ಟೆಯೊಳಗೆ ಹೋಗುವುದಿಲ್ಲ, ಅಷ್ಟು ವ್ಯತ್ಯಾಸ.

ಒಂದು ಮಾತು ನಿನಗೆ ಯಾರೂ ಹೇಳಿರಲಾರರು. ಅಕ್ಕ ನವೆಂಬರಿನಿಂದ ದಿನಾ ಮಧ್ಯಾಹ್ನ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಗುಂಡಿ ಹಚ್ಚಿದರು. ಬೇಡವೆಂದರೂ ಕೇಳಲಿಲ್ಲ. ದಾರ ಪೋಣಿಸಲು ಅವರಿಗೂ ಕಣ್ಣು ಕಾಣುವುದಿಲ್ಲ, ಹೋಗಿ ಬರುವ ಮಕ್ಕಳನ್ನು ಕರೆದು ಪೋಣಿಸಿಕೊಳ್ಳುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಮಾರ್ಚ್ ನಡುವೆ ಒಂದು ದಿನ ಬಂದರು, ಸೂಜಿ ಕೈಗೆ ತೆಗೆದುಕೊಂಡರು, ಕೆಳಗಿಟ್ಟು ಎದ್ದು ಹೋದರು. ಯಾಕೆಂದು ನನಗಾಗ ತಿಳಿಯಲಿಲ್ಲ. ಮರುದಿನ ಮತ್ತೆ ಬಂದರು. ಈಗಲೂ ಬರುತ್ತಾರೆ.

ನಾಲ್ಕು ತಿಂಗಳ ಆ ಗುಂಡಿಗಳೆಲ್ಲ ನಿನ್ನವು ಮಗು. ನನಗೆ ಹೇಳಲು ಇರುವುದು ಇಷ್ಟೇ.

ಇನ್ನೊಂದು. ಹೂವಿರುವಾಗ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿಟ್ಟು, ಬೀಜ ಉದುರಿದ ಮೇಲೆ ಅಗೆಯಬಾರದೇ ಎಂದು ಹತ್ತು ವರ್ಷದ ಹಿಂದೆಯೇ ನಾನು ಅಕ್ಕನಿಗೆ ಹೇಳಿದ್ದೆ. 'ಮೂಗಿರೋರಿಗೆ ದಾರ ಯಾಕಪ್ಪಾ' ಎಂದಿದ್ದರು. ಇದನ್ನು ಈಗ ಅವರಿಗೆ ನೆನಪಿಸುವ ಧೈರ್ಯ ನನಗಿಲ್ಲ. ನೀನು ಬೇಕಾದರೆ ನೆನಪಿಸು, ಹೇಗೂ ಬೈಸಿಕೊಂಡಾಗಿದೆ.

ಒಂದು ಹೊಲಿಗೆ ಬಿಚ್ಚಿದರೆ ಮತ್ತೆ ಹಾಕಬಹುದು ಎಂದು ನಂಬಿ ಬದುಕಿದ,
ದರ್ಜಿ


ಮೇ ೩೦

ದೊಡ್ಡಮ್ಮಾ,

ಹೂವಿನ ತಿಂಗಳಿಗೆ ಹತ್ತು ದಿನ ರಜೆ ಕೇಳಿದ್ದೇನೆ. ದಿಬ್ಬದ ಗಿಡಗಳಿಗೆಲ್ಲ ದಾರ ಕಟ್ಟಿ ಗುರುತು ಮಾಡುತ್ತೇನೆ. ಮಧ್ಯಾಹ್ನ ದರ್ಜಿ ಮಾಮನ ಅಂಗಡಿಯಲ್ಲಿ ಕೂರುತ್ತೇನೆ. ಅವರು ಒಪ್ಪಿದ್ದಾರೆ, ನನ್ನ ಹೊಲಿಗೆ ನೋಡಿದ ಮೇಲೆ ಮತ್ತೆ ಹೇಳುತ್ತಾರಂತೆ.

ನೀನು ಮಾತಾಡಿಸಬೇಕೆಂದಿಲ್ಲ. ಬರಲೇ?

ಹುಳು


ಜೂನ್ ೯

ಬಾ. ನೆಗಡಿ ಇದ್ದರೆ ಹೇಳಿ ಬಾ.

ದೊಡ್ಡಮ್ಮ


ಜುಲೈ ೧೭

ಹುಳುವೇ,

ನೀನು ತಲುಪಿದ ಸುದ್ದಿ ನಿನ್ನ ಅಮ್ಮನಿಂದ ತಿಳಿಯಿತು.

ಹತ್ತು ದಿನ ಒಂದೇ ಮನೆಯಲ್ಲಿದ್ದು ನಾವಿಬ್ಬರೂ ಆಡಿದ ಮಾತು ಒಂದು ಹಾಳೆಗೂ ಆಗುವುದಿಲ್ಲ. ಕೋಪ ಹೋಯಿತೇ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ನೀನು ದಾರ ಕತ್ತರಿಸುವಾಗ ಅಡುಗೆಮನೆಯಿಂದ ನೋಡುತ್ತಿದ್ದೆ. ನೀನು ಒಂದೊಂದು ಹೂವಿನ ಹತ್ತಿರವೂ ಕೂತು ಎರಡೆರಡು ಸಲ ನೋಡುತ್ತಿದ್ದೆ. ಅಂಗಡಿಯಲ್ಲಿ ನೀನು ಹಚ್ಚಿದ ಗುಂಡಿಗಳಲ್ಲಿ ಅರ್ಧ ಬಿಚ್ಚಿ ಮತ್ತೆ ಹಚ್ಚಿಸಬೇಕಾಯಿತೆಂದು ದರ್ಜಿ ಹೇಳಿದ. ಅದನ್ನು ಹೇಳುವಾಗ ಅವನ ಮುಖದಲ್ಲಿ ನಗು ಇತ್ತು.

ಹತ್ತು ವರ್ಷದ ಹಿಂದೆ ಅವನು ದಾರದ ಮಾತು ಹೇಳಿದ್ದನ್ನು ನಾನು ಮರೆತಿಲ್ಲ. ನೀವಿಬ್ಬರೂ ನನ್ನ ಮುಂದೆ ಆ ಮಾತು ಎತ್ತದೆ ಸುತ್ತಿ ಬಳಸಿ ಓಡಾಡುತ್ತಿದ್ದುದೂ ಗೊತ್ತಾಯಿತು. ಆಗ ಕಟ್ಟಿದ್ದರೆ ನಿನ್ನ ನೆಗಡಿಗೆ ಯಾರೂ ಬಲಿಯಾಗುತ್ತಿರಲಿಲ್ಲ. ನನ್ನ ಮೂಗಿನ ಜಂಬಕ್ಕೆ ಅವನ ಕೈ ಹೋಯಿತು ಎಂದೂ ಲೆಕ್ಕ ಹಾಕಬಹುದು. ಹೀಗೆ ಬರೆದರೆ ನಿನ್ನದು ಕಡಿಮೆಯಾಗುತ್ತದೆ ಎಂದುಕೊಳ್ಳಬೇಡ. ನಿನ್ನದು ನಿನ್ನದೇ, ನನ್ನದು ನನ್ನದೇ.

ಮದ್ದಿನ ಕೋಣೆ ತೆಗೆದು ಗುಡಿಸಿದೆ. ಜಾಡಿಗಳು ಬಿಸಿಲಿನಲ್ಲಿವೆ. ಬೀಜ ಉದುರಿದ ಮೇಲೆ ಕೆಂಪು ದಾರದವನ್ನು ಮಾತ್ರ, ಹತ್ತಕ್ಕೆ ಮೂರರಂತೆ ಅಗೆಯುತ್ತೇನೆ. ಮುರಿದು ಮೂಸಿಯೂ ನೋಡುತ್ತೇನೆ. ದಾರ ಒಂದು ಹೇಳಿ ಮೂಗು ಇನ್ನೊಂದು ಹೇಳಿದರೆ ಅದು ಯಾರ ಹೊಟ್ಟೆಗೂ ಹೋಗುವುದಿಲ್ಲ.

ನಿನ್ನೆ ದಿಬ್ಬವನ್ನೆಲ್ಲ ಸುತ್ತಿ ಬಂದೆ. ಹಳದಿ ಹೂವಿನದಕ್ಕೆ ಕೆಂಪು, ಬಿಳಿ ಹೂವಿನದಕ್ಕೆ ಕಪ್ಪು, ಒಂದೂ ತಪ್ಪಿಲ್ಲ. ಮೇಲಿನ ಸಾಲಿನ ಕೊನೆಯಲ್ಲಿ ಬಂಡೆಯ ನೆರಳಿಗೆ ಒಂದು ಗಿಡ ಈ ವರ್ಷ ಹೂವೇ ಬಿಟ್ಟಿಲ್ಲ. ಅದಕ್ಕೆ ಕೆಂಪೂ ಇಲ್ಲ ಕಪ್ಪೂ ಇಲ್ಲ. ಒಂದು ಚೀಟಿ ಕಟ್ಟಿತ್ತು. 'ಇದು ನನಗೆ ಗೊತ್ತಾಗಲಿಲ್ಲ' ಎಂದು ನಿನ್ನ ಅಕ್ಷರ. ಹತ್ತು ದಿನ ಪಕ್ಕದಲ್ಲಿದ್ದವಳು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಮೊದಲು ರೇಗಿತು.

ಆಮೇಲೆ ಮಂಡಿಯೂರಿ ಕೂತು ಒಂದು ಎಲೆ ಹಿಸುಕಿ ಮೂಸಿದೆ. ಇನ್ನೊಂದನ್ನು ಹಿಸುಕಿ ಮತ್ತೆ ಮೂಸಿದೆ. ಕೈಯಲ್ಲಿ ಪೆನ್ನಿರಲಿಲ್ಲ, ಮನೆಗೆ ಬಂದು ತೆಗೆದುಕೊಂಡು ಮತ್ತೆ ಹತ್ತಿದೆ. ನಿನ್ನ ಸಾಲಿನ ಕೆಳಗೆ 'ನನಗೂ' ಎಂದು ಬರೆದು ಬಂದೆ.

ದೊಡ್ಡಮ್ಮ